2017ರ ಕಾರೋ, 2019ರದೋ: ಒಂದೇ ಹೆಸರಿನ ಎರಡು ಹಳೆಯ ಕಾರುಗಳಲ್ಲಿ ಒಂದನ್ನು ಆರಿಸುವ ಬಗೆ

2025ರ ಏಪ್ರಿಲ್‌ನಲ್ಲಿ ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಸೋದರಳಿಯನು ಎರಡು ಮಾರುತಿ ವ್ಯಾಗನ್ ಆರ್ ಕಾರುಗಳನ್ನು ನೋಡಿಟ್ಟು, ಯಾವುದನ್ನು ಕೊಳ್ಳಬೇಕೆಂದು ತೀರ್ಮಾನಿಸಲು ನನ್ನನ್ನು ಕರೆದನು. ಒಂದು 2017ರ ಮಾರ್ಚ್‌ನಲ್ಲಿ ನೋಂದಣಿಯಾದದ್ದು, ಉಪ್ಪಳದಲ್ಲಿ ಕಡಲಿಗೆ ಹತ್ತಿರದ ಮನೆಯೊಂದರ ಗಾಡಿ. ಮಾಲೀಕರು ಗಲ್ಫಿನಲ್ಲಿ ಕೆಲಸದಲ್ಲಿದ್ದುದರಿಂದ ಎಂಟು ವರ್ಷಗಳಲ್ಲಿ ಅದು ಓಡಿದ್ದು 38,000 ಕಿ.ಮೀ. ಮಾತ್ರ. ಇನ್ನೊಂದು 2019ರ ಜೂನ್‌ನದು, ಮುಳ್ಳೇರಿಯದಿಂದ ಕಾಸರಗೋಡಿಗೆ ದಿನವೂ ಹೋಗಿಬರುತ್ತಿದ್ದ ಅಧ್ಯಾಪಕರೊಬ್ಬರದು, 82,000 ಕಿ.ಮೀ. ಓಡಿದ್ದು. ಮೊದಲನೆಯದಕ್ಕೆ 3 ಲಕ್ಷ, ಎರಡನೆಯದಕ್ಕೆ 3,80,000 ರೂಪಾಯಿ ಕೇಳಿದ್ದರು. “ಮಾವ, ಎರಡು ವರ್ಷ ಹಳತಾದರೂ ಅದು ಅರ್ಧದಷ್ಟೂ ಓಡಿಲ್ಲವಲ್ಲ, ಅದನ್ನೇ ತೆಗೆದುಕೊಳ್ಳಬಹುದಲ್ಲವೇ?” ಎಂದು ಅವನು ಕೇಳಿದನು. ಹಳೆಯ ಕಾರು ಕೊಳ್ಳುವವರೆಲ್ಲರಿಗೂ ಬರುವ ಪ್ರಶ್ನೆ ಇದೇ ಆಗಿರುವುದರಿಂದ, ನಾವು ಅದನ್ನು ಹೇಗೆ ಬಿಡಿಸಿಕೊಂಡೆವೆಂಬುದನ್ನು ಕ್ರಮವಾಗಿ ಬರೆಯುತ್ತಿದ್ದೇನೆ.

ಮೊದಲು ಗಾಡಿಯ ನಿಜವಾದ ವರ್ಷವನ್ನು ತಿಳಿದುಕೊಳ್ಳಬೇಕು. ‘ಎಷ್ಟರ ಮೋಡೆಲ್’ ಎಂದು ಕೇಳಿದರೆ ಮಾರುವವರು ಸಾಮಾನ್ಯವಾಗಿ ನೋಂದಣಿಯ ವರ್ಷವನ್ನು ಹೇಳುತ್ತಾರೆ, ಆದರೆ ನೋಂದಣಿ ಪತ್ರವಾದ ಆರ್‌ಸಿಯಲ್ಲಿ ನೋಂದಣಿಯ ದಿನಾಂಕದ ಜೊತೆಗೆ ಕಾರು ತಯಾರಾದ ತಿಂಗಳು ಮತ್ತು ವರ್ಷವೂ ಬೇರೆಯಾಗಿ ನಮೂದಾಗಿರುತ್ತದೆ. ಉಪ್ಪಳದ ಕಾರಿನ ಆರ್‌ಸಿಯಲ್ಲಿ ತಯಾರಿಯ ತಿಂಗಳು 2016ರ ಡಿಸೆಂಬರ್ ಎಂದಿತ್ತು. ವರ್ಷದ ಕೊನೆಯಲ್ಲಿ ತಯಾರಾಗಿ ಮಾರಾಟಗಾರರ ಬಳಿ ಉಳಿದ ಗಾಡಿಗಳು ಮರುವರ್ಷ ನೋಂದಣಿಯಾಗುವುದು ಹೊಸತೇನಲ್ಲ, ಅದರಲ್ಲಿ ಮೋಸವೂ ಇಲ್ಲ. ಆದರೆ ಬೆಲೆ ಮಾತನಾಡುವಾಗ ಅದನ್ನು 2016ರ ಗಾಡಿಯೆಂದೇ ಎಣಿಸಬೇಕು, ಏಕೆಂದರೆ ನಾಳೆ ನಾವು ಮಾರಲು ಹೊರಟಾಗ ಕೊಳ್ಳುವವರೂ ಹಾಗೆಯೇ ಎಣಿಸುತ್ತಾರೆ. ನೋಂದಣಿಯ ಅವಧಿ ಮಾತ್ರ ನೋಂದಣಿಯಾದ ದಿನದಿಂದ 15 ವರ್ಷ ಇರುತ್ತದೆ.

ಎರಡನೆಯದಾಗಿ, ಆ ಎರಡು ವರ್ಷಗಳ ನಡುವೆ ಕಾರೇ ಬದಲಾಗಿದೆಯೇ ಎಂದು ನೋಡಬೇಕು. ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯವಾದದ್ದು ಇದು, ಹೆಚ್ಚಿನವರು ಕೇಳದೆ ಬಿಡುವುದೂ ಇದನ್ನೇ. ಹೆಸರು ಒಂದೇ ಆದರೂ 2019ರ ಜನವರಿಯಲ್ಲಿ ವ್ಯಾಗನ್ ಆರ್ ಹೊಸ ಚೌಕಟ್ಟಿನ ಮೇಲೆ ಹೊಸದಾಗಿ ಬಂದಿತು. ಹಳೆಯದರ ಅಗಲ 1475 ಮಿ.ಮೀ. ಇದ್ದರೆ ಹೊಸದರದು 1620 ಮಿ.ಮೀ. ಡಿಕ್ಕಿಯ ಜಾಗ 180 ಲೀಟರಿನಿಂದ 341 ಲೀಟರಿಗೆ ಏರಿತು, ಅಡಿಕೆ ಗೋಣಿಯನ್ನೋ ಅಂಗಡಿಯ ಸಾಮಾನನ್ನೋ ಆಗಾಗ ಒಯ್ಯುವ ಮನೆಗೆ ಇದು ಸಣ್ಣ ವ್ಯತ್ಯಾಸವಲ್ಲ. 1.0 ಲೀಟರಿನ ಎಂಜಿನ್ ಮಾತ್ರ ಎರಡರಲ್ಲೂ ಒಂದೇ ಆಗಿದ್ದುದರಿಂದ, ಎಂಜಿನ್ನಿನ ಮಾತನ್ನು ನಾವು ಬದಿಗಿಡಬಹುದಾಗಿತ್ತು.

ಇದಕ್ಕಿಂತ ದೊಡ್ಡದು ಸುರಕ್ಷತೆಯ ವಿಷಯ. 2019ರ ಏಪ್ರಿಲ್ 1ರಿಂದ ಹೊಸ ಕಾರುಗಳಿಗೆಲ್ಲ ಎಬಿಎಸ್, ಅಂದರೆ ಬ್ರೇಕ್ ಒತ್ತಿದಾಗ ಚಕ್ರಗಳು ಬಿಗಿದು ಗಾಡಿ ಜಾರದಂತೆ ತಡೆಯುವ ವ್ಯವಸ್ಥೆ, ಕಡ್ಡಾಯವಾಯಿತು. ಅದೇ ವರ್ಷದ ಜುಲೈ 1ರಿಂದ ಚಾಲಕನ ಏರ್‌ಬ್ಯಾಗ್, ಸೀಟ್ ಬೆಲ್ಟ್ ಎಚ್ಚರಿಕೆ ಮತ್ತು ಹಿಂದಿನ ಪಾರ್ಕಿಂಗ್ ಸೆನ್ಸರುಗಳು ಕಡ್ಡಾಯವಾದವು, 2022ರ ಜನವರಿಯ ಹೊತ್ತಿಗೆ ಮುಂದಿನ ಪ್ರಯಾಣಿಕನ ಏರ್‌ಬ್ಯಾಗೂ ಸೇರಿತು. ಅದಕ್ಕೂ ಹಿಂದಿನ ಹಲವು ಗಾಡಿಗಳಲ್ಲಿ ಇವೆಲ್ಲ ಹೆಚ್ಚು ಹಣ ಕೊಟ್ಟವರಿಗೆ ಮಾತ್ರ ಸಿಗುತ್ತಿದ್ದವು. ಮಳೆಗಾಲದಲ್ಲಿ ನಮ್ಮ ಒಳರಸ್ತೆಗಳ ತಿರುವಿನಲ್ಲಿ ಕೆಂಪು ಮಣ್ಣು ಹರಿದು ಬಂದು ಡಾಂಬರಿನ ಮೇಲೆ ನಿಂತಿರುವಾಗ ಬ್ರೇಕ್ ಒತ್ತಿ ಗಾಡಿ ಅಡ್ಡ ತಿರುಗಿದ್ದನ್ನು ಕಂಡವರಿಗೆ ಎಬಿಎಸ್ಸಿನ ಬೆಲೆಯನ್ನು ವಿವರಿಸಬೇಕಾಗಿಲ್ಲ. ಹಾಗೆಂದು ಹೊಸದನ್ನು ಕೋಟೆಯೆಂದು ಭಾವಿಸುವುದೂ ತಪ್ಪು, 2019ರಲ್ಲಿ ಕಾರುಗಳ ಸುರಕ್ಷತೆಯನ್ನು ಅಳೆಯುವ ಗ್ಲೋಬಲ್ ಎನ್‌ಕ್ಯಾಪ್ ಸಂಸ್ಥೆ ನಡೆಸಿದ ಡಿಕ್ಕಿ ಪರೀಕ್ಷೆಯಲ್ಲಿ ಈ ಕಾರಿಗೆ ಸಿಕ್ಕಿದ್ದು ಐದರಲ್ಲಿ ಎರಡು ನಕ್ಷತ್ರ ಮಾತ್ರ. ಎಬಿಎಸ್ ಮತ್ತು ಏರ್‌ಬ್ಯಾಗ್ ಇವೆಯೆಂದು ಹೇಳಿದರೆ ಮಾತನ್ನು ನಂಬದೆ, ಎಂಜಿನ್ ಹಚ್ಚದೆ ಕೀಲಿಯನ್ನಷ್ಟೇ ತಿರುಗಿಸಿ ಡ್ಯಾಶ್‌ಬೋರ್ಡನ್ನು ನೋಡಬೇಕು. ಆ ಎರಡೂ ದೀಪಗಳು ಮೊದಲು ಹೊತ್ತಿ, ಸ್ವಲ್ಪ ಹೊತ್ತಿನಲ್ಲಿ ಆರಬೇಕು. ಆರದಿದ್ದರೆ ದೋಷವಿದೆ. ಹೊತ್ತಲೇ ಇಲ್ಲವಾದರೆ ಆ ಸೌಲಭ್ಯ ಇಲ್ಲ, ಅಥವಾ ದೋಷವನ್ನು ಮರೆಮಾಚಲು ಯಾರೋ ದೀಪವನ್ನೇ ತೆಗೆದಿದ್ದಾರೆ. ಉಪ್ಪಳದ ಕಾರಿನಲ್ಲಿ ಎರಡೂ ಇರಲಿಲ್ಲ.

ಇನ್ನು ಕಿಲೋಮೀಟರಿನ ಲೆಕ್ಕ. ಓಡಿದರೆ ಕ್ಲಚ್, ಬ್ರೇಕ್, ಶಾಕ್ ಅಬ್ಸಾರ್ಬರ್, ಬೇರಿಂಗ್ ಸವೆಯುತ್ತವೆ. ಓಡದೆ ನಿಂತರೆ ಟಯರ್, ಬ್ಯಾಟರಿ, ರಬ್ಬರಿನ ಪೈಪು, ಬುಷ್, ಎಂಜಿನ್ ಆಯಿಲ್, ಬ್ರೇಕ್ ಆಯಿಲ್ ಕೆಡುತ್ತವೆ. ಈ ಕಾರಿಗೆ 10,000 ಕಿ.ಮೀ. ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಸರ್ವೀಸ್ ಆಗಬೇಕೆಂದು ಕಂಪೆನಿಯೇ ಹೇಳುತ್ತದೆ. ಅಂದರೆ ಎಂಟು ವರ್ಷದ ಗಾಡಿಗೆ ಕಿಲೋಮೀಟರ್ ಎಷ್ಟೇ ಇರಲಿ, ಏಳೆಂಟು ಸರ್ವೀಸ್ ಆಗಿರಬೇಕಾಗಿತ್ತು. ಉಪ್ಪಳದವರ ಪುಸ್ತಕದಲ್ಲಿದ್ದದ್ದು ನಾಲ್ಕು ಮಾತ್ರ.

ಆ ಕಾರನ್ನು ಹಗಲಿನ ಬೆಳಕಿನಲ್ಲಿ ಶೆಡ್ಡಿನಿಂದ ಹೊರಗೆ ತರಿಸಿ ನೋಡಿದೆವು. ಬಣ್ಣ ಕನ್ನಡಿಯಂತಿತ್ತು, ಟಯರಿನ ಗೀರುಗಳೂ ಆಳವಾಗಿಯೇ ಇದ್ದವು. ಆದರೆ ಟಯರಿನ ಪಕ್ಕದಲ್ಲಿ ಮುದ್ರಿತವಾದ ನಾಲ್ಕು ಅಂಕಿಗಳು 4616 ಎಂದಿದ್ದವು: 2016ರ 46ನೆಯ ವಾರದಲ್ಲಿ ತಯಾರಾದದ್ದು ಎಂದು ಅದರ ಅರ್ಥ. ಬೆರಳಿನಿಂದ ಒತ್ತಿದಾಗ ಪಕ್ಕದ ರಬ್ಬರಿನಲ್ಲಿ ಕೂದಲೆಳೆಯಂತಹ ಬಿರುಕುಗಳು ಬಾಯಿ ತೆರೆದವು. ಡಿಕ್ಕಿಯ ಚಾಪೆಯನ್ನೆತ್ತಿ ಸ್ಟೆಪ್ನಿಯನ್ನು ತೆಗೆದರೆ ಅದರ ಕೆಳಗಿನ ಗುಳಿಯಲ್ಲಿ ತುಕ್ಕಿನ ಹುಡಿ ಕೂತಿತ್ತು, ಬಾಗಿಲಿನ ಕೆಳಅಂಚಿನ ರಬ್ಬರನ್ನು ಬಿಡಿಸಿದಲ್ಲಿ ಬಣ್ಣ ಗುಳ್ಳೆಗಟ್ಟಿತ್ತು. ಕಡಲ ಗಾಳಿಯ ಉಪ್ಪು ಮಾಡುವ ಕೆಲಸ ಇದು, ತೊಳೆದು ಒರೆಸಿದ ಮೇಲ್ಮೈಯಲ್ಲಿ ಇದು ಕಾಣುವುದಿಲ್ಲ. ಆದುದರಿಂದ ಮಂಜೇಶ್ವರದಿಂದ ಕೆಳಗಿನ ಕರಾವಳಿಯ ಗಾಡಿಯನ್ನು ನೋಡುವಾಗ ಅದನ್ನು ವರ್ಕ್‌ಶಾಪಿನಲ್ಲಿ ಮೇಲೆತ್ತಿಸಿ, ಅಡಿಭಾಗ, ಬ್ರೇಕಿನ ಪೈಪು ಮತ್ತು ಸೈಲೆನ್ಸರನ್ನು ಟಾರ್ಚ್ ಹಾಕಿ ನೋಡದೆ ಮುಂಗಡ ಕೊಡಬಾರದು. ಬಾನೆಟಿನ ಒಳಗೆ ಇಲಿ ಕಡಿದ ವಯರುಗಳಿವೆಯೇ ಎಂದೂ ನೋಡಬೇಕು, ನಿಂತ ಗಾಡಿ ಇಲಿಗಳಿಗೆ ಅಚ್ಚುಮೆಚ್ಚಿನ ಮನೆ.

ಮುಳ್ಳೇರಿಯದ ಕಾರಿನ ಬಣ್ಣ ಮಂಕಾಗಿತ್ತು, ಬಂಪರಿನಲ್ಲಿ ಗೀರುಗಳಿದ್ದವು, ಚಾಲಕನ ಸೀಟಿನ ಅಂಚು ಸವೆದಿತ್ತು. ಸವೆತವು ಕಿಲೋಮೀಟರಿಗೆ ಒಪ್ಪುವಂತಿರುವುದು ಒಳ್ಳೆಯ ಲಕ್ಷಣ. ಮೀಟರ್ 40,000 ತೋರಿಸುತ್ತಾ ಪೆಡಲಿನ ರಬ್ಬರು ನುಣುಪಾಗಿದ್ದರೆ ಸಂಶಯ ಪಡಬೇಕು. ಸರ್ವೀಸಿನ ಬಿಲ್ಲುಗಳೆಲ್ಲ ಕ್ರಮವಾಗಿದ್ದು, ಪ್ರತಿ ಬಿಲ್ಲಿನಲ್ಲೂ ಕಿಲೋಮೀಟರ್ ಏರುತ್ತಾ ಬಂದಿತ್ತು. ಅದನ್ನು ಏರುದಾರಿಯಲ್ಲಿ ನಿಲ್ಲಿಸಿ, ಹ್ಯಾಂಡ್ ಬ್ರೇಕ್ ಬಿಟ್ಟು ಮೊದಲ ಗೇರಿನಲ್ಲಿ ಎತ್ತಿಸಿದಾಗ ಎಂಜಿನ್ನಿನ ಸದ್ದು ಏರಿದರೂ ಗಾಡಿ ತಡವಾಗಿ ಹತ್ತಿತು. ಕ್ಲಚ್ ಕೊನೆಗೆ ಬಂದಿದೆಯೆಂದು ನಮ್ಮ ಜೊತೆ ಬಂದ ಮೆಕ್ಯಾನಿಕ್ ಹೇಳಿದರು. ಹೊಂಡದಲ್ಲಿ ಮುಂದಿನ ಎಡಚಕ್ರದ ಕಡೆಯಿಂದ ‘ಟಕ್’ ಎಂಬ ಸದ್ದೂ ಬಂದಿತು. ಇವೆರಡೂ ಬಿಡಿಭಾಗ ಬದಲಿಸಿದರೆ ಹೋಗುವ ದೋಷಗಳು, ತುಕ್ಕು ಹಾಗಲ್ಲ.

ದಕ್ಷಿಣ ಕೇರಳದಿಂದ ಬಂದ ಗಾಡಿಯಾಗಿದ್ದರೆ ಇನ್ನೊಂದು ಪರೀಕ್ಷೆ ಬೇಕು. 2018ರ ಆಗಸ್ಟಿನ ನೆರೆಯಲ್ಲಿ ಅಲ್ಲಿ ಅಸಂಖ್ಯ ಕಾರುಗಳು ನೀರಿನಲ್ಲಿ ನಿಂತಿದ್ದವು. ಸೀಟ್ ಬೆಲ್ಟನ್ನು ಕೊನೆಯವರೆಗೆ ಎಳೆದು ಅದರಲ್ಲಿ ಕೆಸರಿನ ಗೆರೆ ಇದೆಯೇ ಎಂದು ನೋಡಿರಿ.

ಹಣದ ಹೋಲಿಕೆಯನ್ನು ಕೇಳಿದ ಬೆಲೆಯಿಂದ ಮಾಡಬಾರದು, ರಸ್ತೆಗಿಳಿಸುವ ಒಟ್ಟು ಖರ್ಚನ್ನು ಉಳಿದ ವರ್ಷಗಳಿಂದ ಭಾಗಿಸಿ ಮಾಡಬೇಕು. ಉಪ್ಪಳದ ಕಾರಿಗೆ ನಾಲ್ಕು ಟಯರ್, ಬ್ಯಾಟರಿ, ಬುಷ್ ಎಂದು ಮೆಕ್ಯಾನಿಕ್ ಹೇಳಿದ ಅಂದಾಜು 25,000 ರೂಪಾಯಿ. ಒಟ್ಟು 3,25,000, ನೋಂದಣಿಗೆ ಉಳಿದದ್ದು 2032ರ ಮಾರ್ಚ್‌ವರೆಗಿನ ಏಳು ವರ್ಷ, ವರ್ಷಕ್ಕೆ ಸುಮಾರು 46,400 ರೂಪಾಯಿ. ಮುಳ್ಳೇರಿಯದ್ದಕ್ಕೆ ಕ್ಲಚ್ ಮತ್ತು ಸಸ್ಪೆನ್ಷನ್ ಸೇರಿ 20,000 ಹಿಡಿದರೆ ಒಟ್ಟು 4 ಲಕ್ಷ, ಉಳಿದದ್ದು ಒಂಬತ್ತು ವರ್ಷ, ವರ್ಷಕ್ಕೆ ಸುಮಾರು 44,400. 80,000 ರೂಪಾಯಿ ಅಗ್ಗವಾಗಿ ಕಂಡದ್ದು ಹೀಗೆ ನೋಡಿದಾಗ ದುಬಾರಿಯೇ ಆಯಿತು. 15 ವರ್ಷಗಳ ಬಳಿಕ ಐದು ವರ್ಷಕ್ಕೆ ನವೀಕರಿಸಬಹುದು, ಆದರೆ ಕಾರಿನ ನವೀಕರಣ ಶುಲ್ಕವು 2022ರ ಏಪ್ರಿಲ್‌ನಲ್ಲಿ 600ರಿಂದ 5,000 ರೂಪಾಯಿಗೆ ಏರಿದೆಯೆಂಬುದನ್ನೂ ಲೆಕ್ಕದಲ್ಲಿಡಬೇಕು.

ನಮ್ಮ ಗಡಿನಾಡಿನವರಿಗೆ ಮಂಗಳೂರಿನ ಕೆಎ 19 ಗಾಡಿಗಳ ಆಸೆಯೂ ಇದ್ದದ್ದೇ. ಗಡಿಯ ತಲಪಾಡಿ ದಾಟಿದರೆ ಆಯ್ಕೆ ಹೆಚ್ಚು. ಆದರೆ ಅಂತಹ ಕಾರನ್ನು ಇಲ್ಲಿ ಇಟ್ಟುಕೊಳ್ಳಬೇಕಾದರೆ ಕರ್ನಾಟಕದ ಆರ್‌ಟಿಒದಿಂದ ಎನ್‌ಒಸಿ, ಅಂದರೆ ನಿರಾಕ್ಷೇಪಣಾ ಪತ್ರ, ತಂದು, ಕೇರಳದ ತೆರಿಗೆ ಕಟ್ಟಿ, ಕಾಸರಗೋಡಿನ ಕೆಎಲ್ 14 ಸಂಖ್ಯೆ ಪಡೆಯಬೇಕಾಗುತ್ತದೆ. ಒಂದು ಗಾಡಿ ಕೆಎಲ್, ಇನ್ನೊಂದು ಕೆಎ ಆಗಿದ್ದರೆ ಈ ತೆರಿಗೆಯನ್ನು ಆರ್‌ಟಿಒದಲ್ಲಿ ಮೊದಲೇ ವಿಚಾರಿಸಿ, ಮೇಲಿನ ಲೆಕ್ಕಕ್ಕೆ ಸೇರಿಸಿದ ಮೇಲೆಯೇ ಹೋಲಿಸಬೇಕು.

ನಾವು ಕೊನೆಗೆ ಮುಳ್ಳೇರಿಯದ ಕಾರನ್ನು, ಕ್ಲಚ್ಚಿನ ಖರ್ಚನ್ನು ಮುಂದಿಟ್ಟು 3,68,000 ರೂಪಾಯಿಗೆ ಒಪ್ಪಿಸಿ ಕೊಂಡೆವು. ಎರಡೂ 2019ರ ನಂತರದ ಒಂದೇ ರೂಪದ ಗಾಡಿಗಳಾಗಿದ್ದು, ವ್ಯತ್ಯಾಸ ಒಂದು ವರ್ಷದ್ದು ಮಾತ್ರವಾಗಿದ್ದರೆ ನಾನು ವರ್ಷವನ್ನು ಲೆಕ್ಕಿಸದೆ, ಬಿಲ್ಲುಗಳು ಸರಿಯಾಗಿರುವುದನ್ನೇ ಆರಿಸುತ್ತಿದ್ದೆ. ಹಣ ಕೊಡುವ ಮೊದಲು ಸರ್ಕಾರದ ಪರಿವಾಹನ್ ಜಾಲತಾಣದಲ್ಲಿ ಬಾಕಿ ದಂಡಗಳನ್ನು ನೋಡಿದೆವು. ಆರ್‌ಸಿಯಲ್ಲಿ ಬ್ಯಾಂಕಿನ ಸಾಲದ ನಮೂದಿದ್ದುದರಿಂದ ಬ್ಯಾಂಕಿನ ಎನ್‌ಒಸಿ ಮತ್ತು ಸಾಲದ ನಮೂದನ್ನು ತೆಗೆಸಲು ಬೇಕಾದ, ಸಹಿಯಾದ 35ನೆಯ ನಮೂನೆ ಕೈಗೆ ಬರುವವರೆಗೆ 50,000 ರೂಪಾಯಿಯನ್ನು ಉಳಿಸಿಕೊಂಡೆವು. ಮಾಲೀಕತ್ವ ಬದಲಿಸುವ 29 ಮತ್ತು 30ನೆಯ ನಮೂನೆಗಳಿಗೆ ಅಧ್ಯಾಪಕರು ಸಹಿ ಹಾಕಿದ ದಿನವೇ ವಿಮೆಯನ್ನೂ ಸೋದರಳಿಯನ ಹೆಸರಿಗೆ ಬದಲಿಸಲು ಅರ್ಜಿ ಹಾಕಿದೆವು, ಏಕೆಂದರೆ ಅದಕ್ಕೆ ಇರುವ ಅವಧಿ ಹದಿನಾಲ್ಕು ದಿನ ಮಾತ್ರ.