ಬೆಂಕಿಯುಂಡೆ ಕಂಡರೆ ಮೊದಲು ನಿಂತಲ್ಲೇ ನಿಲ್ಲಿ

ನಾನು ಚಳ್ಳಕೆರೆ ತಾಲ್ಲೂಕಿನ ಒಂದು ಹೈಸ್ಕೂಲಿನಲ್ಲಿ ಗಣಿತ ಹೇಳಿಕೊಡುತ್ತೇನೆ. ಕೆಲವು ವರ್ಷಗಳ ಹಿಂದೆ ಶೇಂಗಾ ಕಾಯಲು ಕಣದಲ್ಲಿ ಮಲಗಿದ್ದೆ. ಪಡುವಣ ಆಕಾಶದಲ್ಲಿ ಹಸಿರು ಬೆಳಕೊಂದು ಇಳಿಯಿತು. ಶುಕ್ರ ಗ್ರಹಕ್ಕಿಂತ ಎಷ್ಟೋ ಪಾಲು ಜಾಸ್ತಿ ಹೊಳಪು. ದುರ್ಗದ ಗುಡ್ಡಗಳ ದಿಕ್ಕಿನಲ್ಲಿ ಆರಿಹೋಯಿತು. ಗುಡ್ಡದ ಹಿಂದೆಯೇ ಬಿದ್ದಿದೆ ಅಂದುಕೊಂಡೆ. ಎರಡು ದಿನ ಬೈಕಿನಲ್ಲಿ ಹೋಗಿ ಹುಡುಕಿದೆ. ಏನೂ ಸಿಗಲಿಲ್ಲ.

ಮೂರನೇ ದಿನ ಕಾಗದ ಹಿಡಿದು ಕೂತೆ. ಬೆಂಕಿಯುಂಡೆಗಳು, ಅಂದರೆ ತುಂಬ ಹೊಳೆಯುವ ಉಲ್ಕೆಗಳು, ಸಾಮಾನ್ಯವಾಗಿ ನೆಲದಿಂದ 20–40 ಕಿ.ಮೀ. ಮೇಲೆಯೇ ಆರುತ್ತವೆ. ದುರ್ಗ ನಮ್ಮಲ್ಲಿಂದ ಸುಮಾರು 30 ಕಿ.ಮೀ. ದೂರ. ಅದು ದುರ್ಗದ ನೆತ್ತಿಯ ಮೇಲೆ 30 ಕಿ.ಮೀ. ಎತ್ತರದಲ್ಲಿ ಆರಿದ್ದರೆ, ನನಗೆ ನೆತ್ತಿಗೂ ದಿಗಂತಕ್ಕೂ ನಡುಮಧ್ಯದಲ್ಲಿ ಕಾಣಬೇಕಿತ್ತು. ಆದರೆ ನಾನು ನೋಡಿದ್ದು ದಿಗಂತದಿಂದ ಬರೀ ಅರ್ಧ ಮುಷ್ಟಿ, ಅಂದರೆ ಸುಮಾರು 5 ಡಿಗ್ರಿ ಮೇಲೆ. ಅಂದರೆ ಅದು ಎಷ್ಟೋ ದೂರದಲ್ಲಿತ್ತು, ಅಲ್ವಾ? ಬಳ್ಳಾರಿಯ ಅಕ್ಕನಿಗೆ ಫೋನ್ ಮಾಡಿದೆ. ಅವಳಿಗೂ ಅದು ಪಡುವಣಕ್ಕೇ ಕಂಡಿತ್ತು, ಸ್ವಲ್ಪ ತೆಂಕಣಕ್ಕೆ ವಾಲಿ. ಮಂಗಳೂರಿನ ಗೆಳೆಯ ವಾಯವ್ಯಕ್ಕೆ ಕಂಡೆ ಅಂದ. ನಕ್ಷೆಯ ಮೇಲೆ ಮೂರು ಗೆರೆ ಎಳೆದೆ. ಭಟ್ಕಳದ ಆಚೆ ಸಮುದ್ರದಲ್ಲಿ ಕೂಡಿದವು.

ಹಾಗಾಗಿ ನನ್ನ ಮೊದಲ ಮಾತು: ಓಡಬೇಡಿ. ನಿಂತ ಜಾಗ ಬಿಡಬೇಡಿ. ಬೆಳಕು ಆರಿದ ಬಿಂದು ಯಾವ ತೆಂಗಿನ ಮರದ ತುದಿಗೆ, ಯಾವ ನೀರಿನ ಟ್ಯಾಂಕಿನ ಎಡಕ್ಕೆ ಇತ್ತು ಅಂತ ನೋಡಿಟ್ಟುಕೊಳ್ಳಿ. ಶುರುವಾದ ಬಿಂದುವಿಗಿಂತ ಆರಿದ ಬಿಂದುವೇ ಮುಖ್ಯ. ಕೈ ಪೂರ್ತಿ ಚಾಚಿ ಮುಷ್ಟಿ ಹಿಡಿದರೆ ಅದರ ಅಗಲ ಸುಮಾರು 10 ಡಿಗ್ರಿ. ದಿಗಂತದಿಂದ ಎಷ್ಟು ಮುಷ್ಟಿ ಮೇಲಿತ್ತು ಅಂತ ಅಳೆಯಿರಿ. ಕಾಲಿಟ್ಟ ಜಾಗದಲ್ಲಿ ಒಂದು ಕಲ್ಲಿಡಿ, ಬೆಳಗ್ಗೆ ಅಲ್ಲೇ ನಿಂತು ಫೋಟೊ ತೆಗೆಯಿರಿ.

ಆಮೇಲೆ ಸುಮ್ನೆ ಐದು ನಿಮಿಷ ಕಿವಿಗೊಡಿ. ಶಬ್ದ 1 ಕಿ.ಮೀ. ಬರಲು ಮೂರು ಸೆಕೆಂಡ್ ತಗೊಳ್ಳುತ್ತೆ. 30 ಕಿ.ಮೀ. ಮೇಲಿನಿಂದ ಬರಲು ಒಂದೂವರೆ ನಿಮಿಷ ಬೇಕು. ಬೆಳಕು ಆರಿ ಎರಡು ಮೂರು ನಿಮಿಷಕ್ಕೆ ಗುಡುಗಿನಂಥ ಸದ್ದು ಬಂದರೆ ಅದು ನಿಮ್ಮ ಹತ್ತಿರವೇ ಆಗಿದೆ. ಆಗ ಮಾತ್ರ ಮೈಯೆಲ್ಲ ಎಚ್ಚರ ಮಾಡಿಕೊಳ್ಳಿ.

ಬೆಳಗ್ಗೆ ಮಾಡಬೇಕಾದ ಕೆಲಸ ಸಿಸಿಟಿವಿ. ಪೆಟ್ರೋಲ್ ಬಂಕ್, ಅಂಗಡಿ, ಬ್ಯಾಂಕ್, ಎಲ್ಲ ಕಡೆ ಕೇಳಿ. ಹಳೆ ದೃಶ್ಯದ ಮೇಲೆ ಹೊಸದು ಕೂರುವ ಮೊದಲೇ ಹೋಗಬೇಕು. ಒಂದು ಸಲ ಒಂದು ವಾರ ತಡಮಾಡಿ ಹೋಗಿ ಒಳ್ಳೆಯ ದೃಶ್ಯವೊಂದನ್ನು ಕಳೆದುಕೊಂಡಿದ್ದೇನೆ, ಈಗಲೂ ಹೊಟ್ಟೆ ಉರಿಯುತ್ತದೆ. ಆ ಯಂತ್ರದ ಗಡಿಯಾರ ತಪ್ಪಿರುವುದೇ ಜಾಸ್ತಿ. ಅದರ ಪರದೆಯನ್ನೂ ನಿಮ್ಮ ಫೋನಿನ ಸಮಯವನ್ನೂ ಒಟ್ಟಿಗೆ ಫೋಟೊ ತೆಗೆದುಕೊಳ್ಳಿ. ಬೆಂಕಿಯುಂಡೆ ನೇರವಾಗಿ ಕಾಣದಿದ್ದರೂ ಪರವಾಗಿಲ್ಲ. ಕಂಬದ ನೆರಳು ನೆಲದ ಮೇಲೆ ಹೇಗೆ ತಿರುಗಿತು ಅನ್ನುವುದರಿಂದಲೇ ದಿಕ್ಕು ಲೆಕ್ಕ ಹಾಕಬಹುದು. 2013ರಲ್ಲಿ ರಷ್ಯಾದ ಚೆಲ್ಯಾಬಿನ್ಸ್ಕ್‌ನ ಉಲ್ಕೆಗೆ ಇಂಥ ಲೆಕ್ಕ ಹಾಕಿದ್ದರು. ನೀವು ಕಂಡದ್ದನ್ನು ಅಂತರರಾಷ್ಟ್ರೀಯ ಉಲ್ಕಾ ಸಂಘಟನೆಯ ಜಾಲತಾಣದಲ್ಲಿ ತುಂಬಿ. ದೂರದೂರದ ಮೂರು ಊರಿನ ಸಾಕ್ಷಿ ಸಿಕ್ಕರೆ ಗೆರೆಗಳು ಚೆನ್ನಾಗಿ ಕೂಡುತ್ತವೆ. ಕೈಯಲ್ಲಿ ಕಾಸಿದ್ದರೆ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರ್ ಮತ್ತು ಒಂದು ಸೆಕ್ಯುರಿಟಿ ಕ್ಯಾಮೆರಾ ಸೇರಿಸಿ, ಉಲ್ಕೆಗಳನ್ನು ಕ್ಯಾಮೆರಾದಲ್ಲಿ ಹಿಡಿಯುವ ಗ್ಲೋಬಲ್ ಮೀಟಿಯರ್ ನೆಟ್‌ವರ್ಕ್‌ಗೂ ಸೇರಬಹುದು. ತಂತ್ರಾಂಶ ಉಚಿತ.

ಗೆರೆ ಕೂಡಿದ ಜಾಗವೇ ಕಲ್ಲು ಬಿದ್ದ ಜಾಗ ಅಲ್ಲ. ಬೆಳಕು ಆರಿದ ಮೇಲೆ ಕಲ್ಲು ಕತ್ತಲಲ್ಲೇ ಹಲವು ನಿಮಿಷ ಬೀಳುತ್ತದೆ. ಆಗ ಅದು ಗಾಳಿಯ ಕೈಗೆ ಸಿಕ್ಕಿರುತ್ತದೆ. ಮಳೆಗಾಲದಲ್ಲಿ ನಮ್ಮ ನೆಲದ ಹತ್ತಿರ ಪಡುವಣ ಗಾಳಿ, ಆದರೆ 14–15 ಕಿ.ಮೀ. ಮೇಲೆ ಮೂಡಣದಿಂದ ಬಿರುಗಾಳಿಯಂತೆ ಬೀಸುತ್ತಿರುತ್ತದೆ. ಊರಲ್ಲಿ ಬೀಸುವ ಗಾಳಿ ನೋಡಿ ಲೆಕ್ಕ ಹಾಕಿದರೆ ಪೂರಾ ಉಲ್ಟಾ ಆಗುತ್ತೆ! ಹವಾಮಾನ ಬಲೂನುಗಳ ಅಳತೆ ದಿನಕ್ಕೆ ಎರಡು ಸಲ, ಬೆಳಗ್ಗೆ 5.30 ಮತ್ತು ಸಂಜೆ 5.30ರ ಹೊತ್ತಿನದು, ವಯೋಮಿಂಗ್ ವಿಶ್ವವಿದ್ಯಾಲಯದ ತಾಣದಲ್ಲಿ ಸಿಗುತ್ತದೆ. ಅದನ್ನು ನೋಡಿ. ಸಣ್ಣ ಚೂರುಗಳನ್ನು ಗಾಳಿ ದೂರ ತಳ್ಳುತ್ತದೆ. ದೊಡ್ಡವು ಬಂದ ದಾರಿಯಲ್ಲೇ ಮುಂದಕ್ಕೆ ಹೋಗುತ್ತವೆ. ಅದಕ್ಕೇ ಚೂರುಗಳು ಉದ್ದನೆಯ ಮೊಟ್ಟೆಯಾಕಾರದಲ್ಲಿ ಹರಡಿರುತ್ತವೆ.

ಈಗ ಹೊಲಕ್ಕೆ ಇಳಿಯಿರಿ. ಹೊಲದ ಯಜಮಾನನನ್ನು ಕೇಳಿಯೇ ಇಳಿಯಿರಿ. ನಾಲ್ಕೈದು ಜನ ನಾಲ್ಕು ಮೀಟರ್ ಅಂತರದಲ್ಲಿ ಸಾಲಾಗಿ, ಕಳೆ ಕೀಳುವವರಂತೆ ನಡೆಯಿರಿ. ಕುರಿ ಕಾಯುವವರನ್ನು ಕೇಳುವುದು ಮರೆಯಬೇಡಿ. ಆ ನೆಲದಲ್ಲಿ ಯಾವ ಕಲ್ಲು ಹೊಸದು ಅಂತ ಅವರ ಕಣ್ಣಿಗೆ ತಕ್ಷಣ ಗೊತ್ತಾಗುತ್ತದೆ. ಹೊಸ ಉಲ್ಕಾಶಿಲೆಯ ಮೇಲೆ ತೆಳ್ಳನೆಯ ಕಪ್ಪು ಹೊದಿಕೆ ಇರುತ್ತದೆ, ಒಡೆದ ಕಡೆ ಸಾಮಾನ್ಯವಾಗಿ ಬೂದು ಬಣ್ಣ. ಮೂಲೆಗಳು ನಯವಾಗಿ ಉರುಟು. ಕೆಲವಕ್ಕೆ ಹಿಟ್ಟಿನ ಮುದ್ದೆಗೆ ಹೆಬ್ಬೆರಳು ಒತ್ತಿದ ಹಾಗೆ ಗುಳಿಗಳು. ಒಳಗೆಲ್ಲ ಗುಳ್ಳೆಯಂಥ ತೂತುಗಳಿದ್ದರೆ ಅದು ಹೆಚ್ಚಾಗಿ ಕಬ್ಬಿಣದ ಕಿಟ್ಟ. ಸಂಡೂರಿನ ಅದಿರಿನ ತುಂಡನ್ನು ತಂದು ತೋರಿಸಿದವರು ಎಷ್ಟೋ ಜನ. ಅದನ್ನು ಟೈಲ್ಸಿನ ಹಿಂಬದಿಗೆ ಉಜ್ಜಿದರೆ ಕೆಂಪು ಗೆರೆ ಬೀಳುತ್ತದೆ. ಆಯಸ್ಕಾಂತ ಮಾತ್ರ ತಾಗಿಸಬೇಡಿ. ಕಲ್ಲಿನೊಳಗೆ ಕೋಟ್ಯಂತರ ವರ್ಷ ಉಳಿದಿದ್ದ ಕಾಂತದ ಗುರುತು ಒಂದೇ ಕ್ಷಣಕ್ಕೆ ಅಳಿಸಿಹೋಗುತ್ತದೆ.

ಇದೆಲ್ಲ ಕೂಡಿಬಂದರೆ ಏನಾಗುತ್ತದೆ ಅನ್ನುವುದಕ್ಕೆ ಆಸ್ಟ್ರೇಲಿಯಾದ ಮುರ್ರಿಲಿ ಕಲ್ಲು ನೋಡಿ. 2015ರ ನವೆಂಬರ್ 27ರಂದು ಡೆಸರ್ಟ್ ಫೈರ್‌ಬಾಲ್ ನೆಟ್‌ವರ್ಕ್‌ನ ಕ್ಯಾಮೆರಾಗಳು ಅದನ್ನು ಹಿಡಿದವು. ಲೆಕ್ಕ ತೋರಿಸಿದ್ದು ಏರ್ ಸರೋವರದ ಕೆಸರನ್ನು. ಅಲ್ಲಿನ ಮೂಲನಿವಾಸಿಗಳಾದ ಅರಬಾನಾ ಜನರು ದಾರಿ ತೋರಿಸಿದರು. ಡಿಸೆಂಬರ್ 31ರಂದು ಆ ನೆಟ್‌ವರ್ಕ್‌ನ ವಿಜ್ಞಾನಿ ಫಿಲ್ ಬ್ಲ್ಯಾಂಡ್ ಅವರು 42 ಸೆಂ.ಮೀ. ಆಳದ ಗುಂಡಿಯಿಂದ ಕೈಯಲ್ಲೇ ಅದನ್ನು ತೋಡಿ ತೆಗೆದರು. 1.68 ಕೆ.ಜಿ. ಇನ್ನು ಕೆಲವು ಗಂಟೆ ಬಿಟ್ಟಿದ್ದರೆ ಮಳೆ ಆ ಗುರುತನ್ನೇ ಅಳಿಸಿಬಿಡುತ್ತಿತ್ತು.

ಕಲ್ಲು ಕಂಡರೆ ಮೊದಲು ಫೋಟೊ, ಪಕ್ಕದಲ್ಲಿ ಅಳತೆಗೆ ಒಂದು ನಾಣ್ಯ. ಜಿಪಿಎಸ್ ಬರೆದುಕೊಳ್ಳಿ. ಬರಿಗೈಯಲ್ಲಿ ಮುಟ್ಟಬೇಡಿ, ಹೊಸ ಅಲ್ಯುಮಿನಿಯಂ ಹಾಳೆಯಲ್ಲಿ ಸುತ್ತಿ. ತೊಳೆಯಬೇಡಿ, ಪೂಜೆಗೆ ಅಂತ ಅರಿಶಿನ ಕುಂಕುಮ ಹಚ್ಚಬೇಡಿ. 1865ರಲ್ಲಿ ಮದ್ದೂರಿನಲ್ಲಿ, 1866ರಲ್ಲಿ ಉಡುಪಿಯಲ್ಲಿ ಬಿದ್ದ ಕಲ್ಲುಗಳ ಹೆಸರು ಇವತ್ತಿಗೂ ಪ್ರಪಂಚದ ಪಟ್ಟಿಯಲ್ಲಿದೆ. ಯಾರೋ ಎತ್ತಿಟ್ಟು ಕೊಟ್ಟಿದ್ದಕ್ಕೆ. ನಮ್ಮ ದೇಶದಲ್ಲಿ ಉಲ್ಕಾಶಿಲೆಗಳನ್ನು ಕಾಪಾಡುವ ಹೊಣೆ ಜಿಎಸ್‌ಐನದು, ಅಂದರೆ ಭೂವೈಜ್ಞಾನಿಕ ಸರ್ವೇಕ್ಷಣಾ ಸಂಸ್ಥೆಯದು. ಬೆಂಗಳೂರಿನಲ್ಲೂ ಕಚೇರಿ ಇದೆ. ತಹಸೀಲ್ದಾರರಿಗೆ ಹೇಳಿ, ಅಂದೇ ಫೋನ್ ಮಾಡಿ. ತಡಮಾಡಿದರೆ ಅಳೆಯಲು ಉಳಿಯುವುದಿಲ್ಲ: ಬಾಹ್ಯಾಕಾಶದಲ್ಲಿ ಆ ಕಲ್ಲಿನೊಳಗೆ ಹುಟ್ಟಿದ ಸೋಡಿಯಂ-24 ಎಂಬ ವಿಕಿರಣಶೀಲ ಸೋಡಿಯಂ ಪ್ರತಿ 15 ಗಂಟೆಗೆ ಅರ್ಧಕ್ಕರ್ಧ ಕರಗುತ್ತಿರುತ್ತದೆ.