ಅಪ್‌ಡೇಟ್ ಫೇಲ್ ಆಯಿತೆಂದು ಫಾರ್ಮ್ಯಾಟ್ ಮಾಡಿಸಬೇಡಿ

ಮೈಕ್ರೋಸಾಫ್ಟ್ ಪ್ರತಿ ತಿಂಗಳ ಎರಡನೇ ಮಂಗಳವಾರ ವಿಂಡೋಸ್ ಅಪ್‌ಡೇಟ್ ಬಿಡುತ್ತದೆ. ನಮ್ಮ ಗಡಿಯಾರದಲ್ಲಿ ಅದು ರಾತ್ರಿ 10.30, ಅಮೆರಿಕದ ಚಳಿಗಾಲದಲ್ಲಾದರೆ 11.30. ಹಾಗಾಗಿ ಮನೆಯ ಕಂಪ್ಯೂಟರಿಗೆ ಅದು ಇಳಿಯುವುದು ಬುಧವಾರ, ಎಷ್ಟೋ ಕಡೆ ಇನ್‌ಸ್ಟಾಲ್‌ಗೆ ಕೂರುವುದು ಗುರುವಾರ. ನಾವಿರುವ ಪುಣೆಯಲ್ಲಿ ಗುರುವಾರವೆಂದರೆ ರಿಪೇರಿ ಕೆಲಸಕ್ಕೆ ಲೈಟು ತೆಗೆಯುವ ದಿನ. ಯುಪಿಎಸ್ ಇಲ್ಲದ ಡೆಸ್ಕ್‌ಟಾಪಿನಲ್ಲಿ ಇನ್‌ಸ್ಟಾಲ್ ಶೇ 40ಕ್ಕೆ ಬಂದಾಗ ಕರೆಂಟು ಹೋದರೆ ಅರೆಬರೆ ಫೈಲುಗಳು ಒಳಗೇ ಉಳಿಯಬಹುದು. ಆಮೇಲೆ ಪ್ರತಿ ತಿಂಗಳೂ ಅದೇ ರಾಗ: ಡೌನ್‌ಲೋಡ್, ಇನ್‌ಸ್ಟಾಲ್, ಎರರ್, ರೀಟ್ರೈ.

ಅಂಗಡಿಗೆ ಹೊತ್ತುಕೊಂಡು ಹೋದರೆ ಸಿಗುವ ಉತ್ತರ ಸಾಮಾನ್ಯವಾಗಿ ಒಂದೇ: ‘ಫಾರ್ಮ್ಯಾಟ್ ಕರಾವಂ ಲಾಗೇಲ್’, ಅಂದರೆ ಡಿಸ್ಕ್ ಅಳಿಸಿ ವಿಂಡೋಸನ್ನು ಹೊಸದಾಗಿ ಹಾಕಬೇಕು. ಹೂಂ ಎಂದರೆ ಕನ್ನಡ ಟೈಪಿಂಗಿನ ನುಡಿ, ಬರಹ, ಹಳೆ ಪ್ರಿಂಟರಿನ ಡ್ರೈವರ್ ಎಲ್ಲವನ್ನೂ ಮತ್ತೆ ಹುಡುಕಿ ಹಾಕುವ ಪಾಡು ನಿಮ್ಮದು. ಬಹುತೇಕ ಸಲ ಅದರ ಅಗತ್ಯವೇ ಇರುವುದಿಲ್ಲ.

ಮೊದಲು ಕೋಡ್ ಬರೆದುಕೊಳ್ಳಿ

ಸೆಟ್ಟಿಂಗ್ಸ್, ವಿಂಡೋಸ್ ಅಪ್‌ಡೇಟ್, ಅಪ್‌ಡೇಟ್ ಹಿಸ್ಟರಿ. ಫೇಲ್ ಆದ ಅಪ್‌ಡೇಟಿನ ಕೆಬಿ ನಂಬರು (ಕೆಬಿ ಎಂದು ಶುರುವಾಗುವ ಅದರ ಗುರುತಿನ ಸಂಖ್ಯೆ), ಎರರ್ ಕೋಡ್ ಎರಡನ್ನೂ ಚೀಟಿಯಲ್ಲಿ ಗುರುತು ಹಾಕಿಕೊಳ್ಳಿ. ಎಲ್ಲ ಕೋಡೂ ಸೊನ್ನೆ-ಎಕ್ಸ್‌ನಿಂದ ಶುರುವಾಗುತ್ತವೆ. ಇಲ್ಲಿ ಅದನ್ನು ಬಿಟ್ಟಿದೆ. 80070070 ಬಂದರೆ ಡಿಸ್ಕಿನಲ್ಲಿ ಜಾಗವಿಲ್ಲ. 80070422 ಅಂದರೆ ಅಪ್‌ಡೇಟ್ ಸರ್ವಿಸನ್ನೇ ಯಾರೋ ಡಿಸೇಬಲ್ ಮಾಡಿಟ್ಟಿದ್ದಾರೆ. 80073712 ಬಂದರೆ ವಿಂಡೋಸಿನ ಸ್ವಂತ ಫೈಲುಗಳೇ ಕೆಟ್ಟಿವೆ. 2024ರ ಜನವರಿಯಲ್ಲಿ ವಿಂಡೋಸ್ 10 ಯಂತ್ರಗಳನ್ನು ಕಾಡಿದ 80070643ಕ್ಕೆ ಕಾರಣ ಡಿಸ್ಕಿನಲ್ಲಿ ರಿಪೇರಿಗೆಂದು ತೆಗೆದಿಟ್ಟ ಭಾಗವಾದ ರಿಕವರಿ ಪಾರ್ಟಿಷನ್‌ನಲ್ಲಿ 250 ಎಂಬಿ ಖಾಲಿ ಇಲ್ಲದ್ದು. ಅದಕ್ಕಾಗಿ ವಿಡಿಯೊ ನೋಡಿ ಪಾರ್ಟಿಷನ್ ಕುಯ್ಯಲು ಹೋಗಬೇಡಿ.

ವಿಂಡೋಸ್ 10ಕ್ಕೆ ಉಚಿತ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ಹೆಚ್ಚುವರಿ ಭದ್ರತಾ ಯೋಜನೆಗೆ ಸೇರದ ಯಂತ್ರಕ್ಕೆ ತಿಂಗಳ ಅಪ್‌ಡೇಟ್ ಬರದಿದ್ದರೆ ಅದು ದೋಷವಲ್ಲ.

ಸುಲಭದ ಕೆಲಸಗಳು

ಶಟ್‌ಡೌನ್ ಅಲ್ಲ, ರೀಸ್ಟಾರ್ಟ್ ಮಾಡಿ. ಫಾಸ್ಟ್ ಸ್ಟಾರ್ಟಪ್ ಆನ್ ಇದ್ದರೆ ಶಟ್‌ಡೌನ್ ಎಂಬುದು ಅರೆನಿದ್ದೆಯಷ್ಟೇ. ಪೆನ್‌ಡ್ರೈವ್, ಹೊರಗಿನ ಹಾರ್ಡ್‌ಡಿಸ್ಕ್ ಕಿತ್ತಿಡಿ, ವಿಪಿಎನ್ ಆಫ್ ಮಾಡಿ. ಸಿ ಡ್ರೈವಿನಲ್ಲಿ 20 ಜಿಬಿ ಖಾಲಿ ಇರಲಿ. ಸ್ಟೋರೇಜ್‌ನ ಟೆಂಪರರಿ ಫೈಲ್ಸ್‌ನಲ್ಲಿ ಅಳಿಸುವಾಗ ‘ಡೌನ್‌ಲೋಡ್ಸ್’ ಎಂಬ ಸಾಲಿನಲ್ಲಿ ಟಿಕ್ ಇಲ್ಲವೆಂದು ಎರಡು ಸಲ ನೋಡಿ. ಮಕ್ಕಳ ಮಾರ್ಕ್ಸ್‌ಕಾರ್ಡು, ಕರೆಂಟು ಬಿಲ್ಲು ಎಲ್ಲ ಇರುವುದು ಅಲ್ಲೇ.

ತಾರೀಖೂ ನೋಡಿ. ಏಳೆಂಟು ವರ್ಷದ ಡೆಸ್ಕ್‌ಟಾಪಿನಲ್ಲಿ ಮದರ್‌ಬೋರ್ಡಿನ ಬಿಲ್ಲೆ ಸೆಲ್ ಸತ್ತಿದ್ದರೆ, ಕರೆಂಟು ಹೋಗಿಬಂದಾಗಲೆಲ್ಲ ಗಡಿಯಾರ ಹಿಂದಕ್ಕೆ ಓಡುತ್ತದೆ. ತಾರೀಖು ತಪ್ಪಿದರೆ ಸರ್ವರಿನ ಸರ್ಟಿಫಿಕೇಟನ್ನು ಕಂಪ್ಯೂಟರ್ ನಂಬುವುದಿಲ್ಲ, ಅಪ್‌ಡೇಟ್ ಇಳಿಯುವುದೇ ಇಲ್ಲ. ಬೇಕಾದ ಸೆಲ್ಲು ಸಿಆರ್2032, ಪುಣೆಯ ಬುಧವಾರ ಪೇಠದ ತಪಕೀರ್ ಗಲ್ಲಿಯಲ್ಲಿ ಸಿಗುತ್ತದೆ. ಟೈಮ್‌ಝೋನ್ ಪಟ್ಟಿಯಲ್ಲಿ ನಮ್ಮದು ‘ಚೆನ್ನೈ, ಕೋಲ್ಕತ್ತ, ಮುಂಬೈ, ನ್ಯೂ ಡೆಲ್ಲಿ’ ಎಂಬ ಸಾಲು.

‘ಒಂದೇ ಕ್ಲಿಕ್ಕಿಗೆ ಅಪ್‌ಡೇಟ್ ರಿಪೇರಿ’ ಅನ್ನುವ ಸಾಫ್ಟ್‌ವೇರು, ಡ್ರೈವರ್ ಅಪ್‌ಡೇಟರುಗಳ ಸಹವಾಸ ಬೇಡವೇ ಬೇಡ. ದುಡ್ಡು ಕೇಳುವ ಮೊದಲು ಅವು ತೋರಿಸುವ ಸಾವಿರಾರು ‘ದೋಷ’ಗಳು ಹೆದರಿಸಲಿಕ್ಕೆ ಇರುವವು.

ಎಡವುವ ಜಾಗ ಇದು

ಡೌನ್‌ಲೋಡ್ ಆದ ಅಪ್‌ಡೇಟುಗಳು ಕೂರುವುದು ಸಿ ಡ್ರೈವ್, ವಿಂಡೋಸ್ ಫೋಲ್ಡರಿನೊಳಗಿನ ಸಾಫ್ಟ್‌ವೇರ್‌ಡಿಸ್ಟ್ರಿಬ್ಯೂಷನ್ ಎಂಬ ಫೋಲ್ಡರಿನಲ್ಲಿ. ಕೆಟ್ಟ ಫೈಲು ಅಲ್ಲೇ ಇರುವತನಕ ನೂರು ಸಲ ರೀಟ್ರೈ ಒತ್ತಿದರೂ ಅದನ್ನೇ ಮತ್ತೆ ಹಾಕಲು ನೋಡಬಹುದು. ಆ ಫೋಲ್ಡರನ್ನು ಅಳಿಸಬೇಡಿ, ಹೆಸರು ಬದಲಿಸಿ.

ಸೆಟ್ಟಿಂಗ್ಸ್ ವಿಂಡೋ ಮುಚ್ಚಿ, ವೈಫೈ ಆಫ್ ಮಾಡಿ ಅಥವಾ ಇಂಟರ್ನೆಟ್ ಕೇಬಲ್ ಕಿತ್ತಿಡಿ. ಸ್ಟಾರ್ಟ್ ಮೆನುವಿನಲ್ಲಿ ಸರ್ವಿಸಸ್ ಎಂದು ಹುಡುಕಿ ತೆರೆಯಿರಿ. ‘ಬ್ಯಾಕ್‌ಗ್ರೌಂಡ್ ಇಂಟೆಲಿಜೆಂಟ್ ಟ್ರಾನ್ಸ್‌ಫರ್ ಸರ್ವಿಸ್’, ‘ವಿಂಡೋಸ್ ಅಪ್‌ಡೇಟ್’ ಎರಡರ ಮೇಲೂ ರೈಟ್ ಕ್ಲಿಕ್ ಮಾಡಿ ಸ್ಟಾಪ್ ಕೊಡಿ. ತಡಮಾಡದೆ ಫೋಲ್ಡರಿನ ಹೆಸರಿನ ಕೊನೆಗೆ ಡಾಟ್ ಓಲ್ಡ್ (.old) ಎಂದು ಇಂಗ್ಲಿಷಿನಲ್ಲಿ ಸೇರಿಸಿ. ತಡಮಾಡಿದರೆ ಸರ್ವಿಸು ತಾನೇ ಎದ್ದು ಕೂರುತ್ತದೆ, ‘ಫೋಲ್ಡರ್ ಇನ್ ಯೂಸ್’ ಎಂಬ ಪೆಟ್ಟಿಗೆ ಬರುತ್ತದೆ. ಬಂದರೆ ಮತ್ತೆ ಸ್ಟಾಪ್ ಮಾಡಿ ಕೂಡಲೇ ಹೆಸರು ಬದಲಿಸಿ. ಇಲ್ಲಿ ಸಿಟ್ಟಿಗೆದ್ದು ಸರ್ವಿಸನ್ನೇ ಡಿಸೇಬಲ್ ಮಾಡಿ, ಆಮೇಲೆ ಮರೆಯುವವರೇ ಮುಂದಿನ ತಿಂಗಳು 80070422 ಹಿಡಿದು ಬರುವುದು.

ರೀಸ್ಟಾರ್ಟ್ ಮಾಡಿ ನೆಟ್ ಹಾಕಿ. ಹೊಸ ಫೋಲ್ಡರನ್ನು ವಿಂಡೋಸೇ ಕಟ್ಟಿಕೊಳ್ಳುತ್ತದೆ. ಅಪ್‌ಡೇಟ್ ಹಿಸ್ಟರಿ ಖಾಲಿ ಕಂಡರೆ ಗಾಬರಿ ಬೇಡ, ಹೋಗಿದ್ದು ಪಟ್ಟಿ ಮಾತ್ರ.

ಇಷ್ಟಕ್ಕೂ ಜಗ್ಗದಿದ್ದರೆ ವಿಂಡೋಸಿನ ಫೈಲುಗಳನ್ನು ರಿಪೇರಿ ಮಾಡಬೇಕು. ಅದಕ್ಕೊಂದು ಕಮಾಂಡ್, ಅಂದರೆ ಟೈಪ್ ಮಾಡಿ ಕೊಡುವ ಆದೇಶ, ಇದೆ. ಅದು ಒಳ್ಳೆಯ ಫೈಲುಗಳನ್ನು ತರಿಸಿಕೊಳ್ಳುವುದು ವಿಂಡೋಸ್ ಅಪ್‌ಡೇಟ್ ಮೂಲಕವೇ. ಅದಕ್ಕೇ ಫೋಲ್ಡರಿನ ಕೆಲಸ ಮೊದಲು ಮುಗಿದಿರಲಿ. ಕಮಾಂಡ್ ಪ್ರಾಂಪ್ಟ್ ಮೇಲೆ ರೈಟ್ ಕ್ಲಿಕ್ ಮಾಡಿ ‘ರನ್ ಆ್ಯಸ್ ಅಡ್ಮಿನಿಸ್ಟ್ರೇಟರ್’ ಕೊಟ್ಟು ತೆರೆಯಿರಿ. ಕನ್ನಡ ಕೀಬೋರ್ಡ್ ಹಾಕಿಕೊಂಡವರು ಮೊದಲು ವಿಂಡೋಸ್ ಕೀ ಮತ್ತು ಸ್ಪೇಸ್ ಒತ್ತಿ ಇಂಗ್ಲಿಷಿಗೆ ಬದಲಿಸಿ. ಕನ್ನಡದಲ್ಲೇ ಇದ್ದರೆ ಕಪ್ಪು ಪರದೆಯಲ್ಲಿ ಚೌಕದ ಡಬ್ಬಿಗಳು ಮೂಡುವುದುಂಟು. ಆಮೇಲೆ ಇಂಗ್ಲಿಷ್ ಅಕ್ಷರದಲ್ಲಿ:

DISM /Online /Cleanup-Image /RestoreHealth

ಪ್ರತಿ ಸ್ಲ್ಯಾಶಿನ ಹಿಂದೆ ಒಂದು ಸ್ಪೇಸ್, ಮುಂದೆ ಇಲ್ಲ. ಹೈಫನ್‌ನ ಆಚೀಚೆಯೂ ಇಲ್ಲ. ಕ್ಲೀನಪ್, ರಿಸ್ಟೋರ್‌ಹೆಲ್ತ್ ಎರಡೂ ಕೂಡಿಸಿ ಬರೆಯುವ ಪದಗಳು. ಎಂಟರ್ ಒತ್ತಿದ ಮೇಲೆ ಲೆಕ್ಕ ಶೇ 62.3ಕ್ಕೆ ಬಂದು ಕಲ್ಲಿನ ಹಾಗೆ ನಿಲ್ಲುವುದುಂಟು. ಹೆಚ್ಚಿನವರು ವಿಂಡೋ ಮುಚ್ಚುವುದು ಆಗಲೇ. ಮುಚ್ಚಬೇಡಿ, ಹಳೆ ಹಾರ್ಡ್‌ಡಿಸ್ಕಿನ ಯಂತ್ರದಲ್ಲಿ ಮುಕ್ಕಾಲು ಗಂಟೆಯಾದರೂ ಕಾಯಿರಿ. ‘ಕಂಪ್ಲೀಟೆಡ್ ಸಕ್ಸೆಸ್‌ಫುಲಿ’ ಬಂದ ಮೇಲೆ sfc /scannow ಎಂದು ಹೊಡೆದು ಅದೂ ಮುಗಿಯಲಿ, ರೀಸ್ಟಾರ್ಟ್ ಮಾಡಿ. ಬದಲಿಗೆ 800ಎಫ್081ಎಫ್ ಬಂದರೆ ಬೇಕಾದ ಫೈಲು ಅದಕ್ಕೆ ಸಿಕ್ಕಿಲ್ಲ. ಕೊನೆಯ ಉಪಾಯಕ್ಕೆ ಹೋಗಿ.

ಒಂದೇ ಅಪ್‌ಡೇಟ್ ಹಠ ಹಿಡಿದರೆ

ಮೈಕ್ರೋಸಾಫ್ಟ್ ಅಪ್‌ಡೇಟ್ ಕ್ಯಾಟಲಾಗ್ ತಾಣದಲ್ಲಿ ಆ ಕೆಬಿ ನಂಬರು ಹುಡುಕಿ ಕೈಯಾರೆ ಇಳಿಸಿಕೊಳ್ಳಿ. ಇಂಟೆಲ್, ಎಎಂಡಿ ಯಂತ್ರಕ್ಕೆ ಎಕ್ಸ್64 ಎಂದಿರುವುದು ಬೇಕು, ಆರ್ಮ್64 ಅಲ್ಲ. ವಿಂಡೋಸಿನ ಆವೃತ್ತಿಯೂ ತಾಳೆಯಾಗಬೇಕು.

ಕೊನೆಯ ಉಪಾಯ ವಿಂಡೋಸ್ 11ರಲ್ಲೇ ಇದೆ: ಸೆಟ್ಟಿಂಗ್ಸ್, ಸಿಸ್ಟಂ, ರಿಕವರಿ, ಅಲ್ಲಿ ‘ಫಿಕ್ಸ್ ಪ್ರಾಬ್ಲಮ್ಸ್ ಯೂಸಿಂಗ್ ವಿಂಡೋಸ್ ಅಪ್‌ಡೇಟ್’ ಎದುರಿನ ‘ರೀಇನ್‌ಸ್ಟಾಲ್ ನೌ’. ಫೈಲು, ಸಾಫ್ಟ್‌ವೇರು, ಸೆಟ್ಟಿಂಗು ಉಳಿಸಿಕೊಂಡೇ ವಿಂಡೋಸನ್ನು ಹೊಸದಾಗಿ ಹಾಕುತ್ತದೆ. ಪಕ್ಕದ ‘ರೀಸೆಟ್ ಪಿಸಿ’ ಒತ್ತಿಬಿಟ್ಟೀರಿ, ಅದು ಬೇರೆ. ಫೈಲು ಉಳಿಸು ಎಂದರೂ ಸಾಫ್ಟ್‌ವೇರೆಲ್ಲ ಹೋಗುತ್ತದೆ. ಹೊಸ ಲ್ಯಾಪ್‌ಟಾಪಾದರೆ ಮೊದಲೇ ಡಿಸ್ಕಿಗೆ ಬೀಗ ಹಾಕುವ ಬಿಟ್‌ಲಾಕರ್‌ನ 48 ಅಂಕಿಯ ರಿಕವರಿ ಕೀ ಕಾಗದಕ್ಕೆ ಬರೆದಿಟ್ಟುಕೊಳ್ಳಿ. ಫೋಟೊಗಳ ಕಾಪಿ ಹೊರಗಿನ ಡಿಸ್ಕಿನಲ್ಲಿರಲಿ. ಈ ಕೆಲಸಕ್ಕೆ ಗುರುವಾರ ಬೇಡ, ಭಾನುವಾರ ಕೂರಿ.

ಒಂದು ವಾರ ಎಲ್ಲ ಸರಿಯಾಗಿ ನಡೆದರೆ ಓಲ್ಡ್ ಎಂದು ಹೆಸರಿಟ್ಟ ಆ ಫೋಲ್ಡರ್ ಅಳಿಸಬಹುದು. ಅದೊಂದೇ ಕೆಲವು ಜಿಬಿ ತಿಂದು ಕೂತಿರುತ್ತದೆ.