ಉದ್ಯೋಗಕ್ಕೆ ಎಂಟು ತಿಂಗಳ ಬಿಡುವು, ಮನೆಮಂದಿಯೊಂದಿಗೆ ಪ್ರವಾಸ: ಸಿದ್ಧತೆ ಹೇಗೆ?

ಬೆಂಗಳೂರಿನ ಐಟಿ ಕಂಪನಿಗಳಲ್ಲಿ, ಆಸ್ಪತ್ರೆಗಳಲ್ಲಿ, ಲೆಕ್ಕಪರಿಶೋಧನಾ ಸಂಸ್ಥೆಗಳಲ್ಲಿ ಹತ್ತು ಹದಿನೈದು ವರ್ಷ ಬಿಡುವಿಲ್ಲದೆ ದುಡಿದ ದಂಪತಿ, ಮಕ್ಕಳು ತಮ್ಮೊಂದಿಗೆ ಬರಲು ಖುಷಿಯಿಂದ ಒಪ್ಪುವ ವಯಸ್ಸಿನಲ್ಲಿರುವಾಗಲೇ ದೀರ್ಘ ಪ್ರವಾಸ ಹೋಗಿಬರಬೇಕೆಂದು ಆಸೆಪಡುವುದು ಈಗ ಅಪರೂಪವಲ್ಲ. ಅಂಥವರು ಎಲ್ಲಿಗೆ ಹೋಗುವುದೆಂದು ಚರ್ಚಿಸುವ ಮೊದಲು ಯಾವ ತಿಂಗಳಲ್ಲಿ ಹೊರಡುವುದೆಂದು ನಿರ್ಧರಿಸುವುದು ಮೇಲು. ಆದಾಯ ತೆರಿಗೆ, ಮಕ್ಕಳ ಶಾಲೆ ಮತ್ತು ಹವಾಮಾನ ಮೂರೂ ಆ ಒಂದು ನಿರ್ಧಾರವನ್ನೇ ಅವಲಂಬಿಸಿವೆ. ಸಿದ್ಧತೆಗೆ ಒಂದು ವರ್ಷವಾದರೂ ಬೇಕು.

ಹೊರಡುವ ತಿಂಗಳು

ವರ್ಷಕ್ಕೆ 30 ಲಕ್ಷ ರೂಪಾಯಿ ಸಂಬಳವಿರುವ ಒಬ್ಬರು ಎಂಟು ತಿಂಗಳ ವೇತನರಹಿತ ರಜೆ ಪಡೆಯುತ್ತಾರೆಂದು ಇಟ್ಟುಕೊಳ್ಳೋಣ. ಅವರು ಏಪ್ರಿಲ್‌ನಿಂದ ನವೆಂಬರ್‌ವರೆಗೆ ರಜೆ ಹಾಕಿದರೆ ಆ ಆರ್ಥಿಕ ವರ್ಷದ ಸಂಬಳ 10 ಲಕ್ಷ, ಮರುವರ್ಷದ್ದು ಪೂರ್ತಿ 30 ಲಕ್ಷ. 2025–26ನೇ ಸಾಲಿನ ಹೊಸ ತೆರಿಗೆ ಪದ್ಧತಿಯ ದರದಲ್ಲಿ, 75,000 ರೂಪಾಯಿಯ ಪ್ರಮಾಣಿತ ಕಡಿತವನ್ನು ಕಳೆದು ನೋಡಿದರೆ, ಮೊದಲ ವರ್ಷ ತೆರಿಗೆಯೇ ಇಲ್ಲ. ಎರಡನೆಯ ವರ್ಷ ಸೆಸ್ ಸೇರಿ 4,75,800 ರೂಪಾಯಿ. ಅದೇ ರಜೆಯನ್ನು ಅಕ್ಟೋಬರ್‌ನಿಂದ ಮೇ ತಿಂಗಳವರೆಗೆ ಪಡೆದರೆ ಸಂಬಳ 15 ಲಕ್ಷ ಮತ್ತು 25 ಲಕ್ಷವಾಗಿ ಹಂಚಿಹೋಗಿ, ಎರಡೂ ವರ್ಷದ ತೆರಿಗೆ 4,17,300 ರೂಪಾಯಿಗೆ ಇಳಿಯುತ್ತದೆ. ಉಳಿತಾಯ 58,500 ರೂಪಾಯಿ. ರಜೆ ಪೂರ್ತಿ ಒಂದು ವರ್ಷದ್ದಾಗಿದ್ದರೆ, ಅಕ್ಟೋಬರ್‌ನಲ್ಲಿ ಹೊರಡುವವರಿಗೂ ಏಪ್ರಿಲ್‌ನಲ್ಲಿ ಹೊರಡುವವರಿಗೂ ನಡುವಿನ ವ್ಯತ್ಯಾಸ 2,80,800 ರೂಪಾಯಿ! ಕಂಪನಿಯವರು ಸಾಮಾನ್ಯವಾಗಿ ಇಡೀ ವರ್ಷದ ಸಂಬಳವನ್ನು ಅಂದಾಜಿಸಿ ಟಿಡಿಎಸ್ ಕಡಿತ ಮಾಡುತ್ತಾರಾದ್ದರಿಂದ, ರಜೆ ಮಂಜೂರಾದ ಕೂಡಲೇ ವೇತನ ವಿಭಾಗಕ್ಕೆ ತಿಳಿಸಬೇಕು.

ಶಾಲೆಯ ಲೆಕ್ಕಾಚಾರವೂ ಅಕ್ಟೋಬರ್ ಕಡೆಗೇ ವಾಲುತ್ತದೆ. ರಾಜ್ಯ ಪಠ್ಯಕ್ರಮದ ಶಾಲೆಗಳಲ್ಲಿ ದಸರಾ ರಜೆಯ ಹೊತ್ತಿಗೆ ವರ್ಷದ ಮೊದಲಾರ್ಧ ಮುಗಿದಿರುತ್ತದೆ. ಆಗ ಹೊರಟು, ಮೇ ಕೊನೆಯಲ್ಲಿ ಶಾಲೆ ಮತ್ತೆ ತೆರೆಯುವ ವೇಳೆಗೆ ಮರಳಿದರೆ ಮಗುವಿಗೆ ತಪ್ಪುವುದು ಒಂದು ತರಗತಿಯ ದ್ವಿತೀಯಾರ್ಧ ಮಾತ್ರ. ಏಪ್ರಿಲ್‌ನಲ್ಲೇ ತರಗತಿ ಆರಂಭಿಸುವ ಶಾಲೆಗಳಿಗೆ ಈ ಲೆಕ್ಕ ಹೊಂದದು. ಮಕ್ಕಳು ಮೂರು, ನಾಲ್ಕು ಅಥವಾ ಆರನೆಯ ತರಗತಿಯಲ್ಲಿರುವುದು ಅನುಕೂಲ. ಒಂಬತ್ತು ಮತ್ತು ಹತ್ತನೆಯ ತರಗತಿಯ ಮಕ್ಕಳಿರುವ ಮನೆಯವರು ಈ ಯೋಜನೆಯನ್ನು ಮುಂದೂಡುವುದೇ ಲೇಸು; ಸಿಬಿಎಸ್‌ಇ ಹತ್ತನೆಯ ತರಗತಿಯ ಪರೀಕ್ಷೆಗೆ ಕೂರಲು ಶೇ 75ರಷ್ಟು ಹಾಜರಾತಿ ಬೇಕು.

ಕಂಪನಿಯೊಂದಿಗೆ ಮಾತುಕತೆ

ರಾಜೀನಾಮೆಗಿಂತ ವೇತನರಹಿತ ರಜೆ ಯಾವಾಗಲೂ ಒಳ್ಳೆಯದು. ಮೇಲಧಿಕಾರಿಯೊಂದಿಗೆ ಆರು ತಿಂಗಳು ಮೊದಲೇ ಮಾತಾಡಿ, ತಮ್ಮ ಕೆಲಸವನ್ನು ಯಾರು ನೋಡಿಕೊಳ್ಳುತ್ತಾರೆ ಎಂಬುದನ್ನು ತಾವೇ ಸೂಚಿಸುವವರಿಗೆ ಒಪ್ಪಿಗೆ ಬೇಗ ಸಿಗುತ್ತದೆ. ಮರಳಿ ಬಂದಾಗ ಯಾವ ಹುದ್ದೆ, ಯಾವ ಸಂಬಳ, ರಜೆಯ ಅವಧಿಯಲ್ಲಿ ಗುಂಪು ವಿಮೆ ಮುಂದುವರಿಯುತ್ತದೆಯೇ, ಷೇರು ಹಂಚಿಕೆಯ ದಿನಾಂಕಗಳು ಮುಂದೆ ಹೋಗುತ್ತವೆಯೇ ಎಂಬುದೆಲ್ಲ ಲಿಖಿತವಾಗಿರಬೇಕು. "ನೋಡೋಣ ಬಿಡಿ, ನೀವು ಹೋಗಿಬನ್ನಿ" ಎಂಬ ಬಾಯಿಮಾತನ್ನು, ಅದು ಎಷ್ಟೇ ಪ್ರೀತಿಯದ್ದಾಗಿದ್ದರೂ, ನಂಬಿ ಹೊರಡಬಾರದು: ಎಂಟು ತಿಂಗಳಲ್ಲಿ ಮೇಲಧಿಕಾರಿಯೇ ಬದಲಾಗಿರಬಹುದು.

ರಜೆ ಸಿಗದೆ ರಾಜೀನಾಮೆಯೇ ಅನಿವಾರ್ಯವಾದರೆ ಸೇವಾವಧಿಯನ್ನು ಗಮನಿಸಬೇಕು. ಕಾಯಂ ನೌಕರರಿಗೆ ಗ್ರಾಚ್ಯುಟಿ ದೊರೆಯಲು ಐದು ವರ್ಷದ ನಿರಂತರ ಸೇವೆ ಬೇಕಾದ್ದರಿಂದ, ಕೆಲವೇ ತಿಂಗಳು ಬಾಕಿಯಿದ್ದರೆ ಕಾಯುವುದು ಜಾಣತನ. ಭವಿಷ್ಯನಿಧಿಯನ್ನು ಮುಟ್ಟದಿರುವುದು ಒಳಿತು. ಐದು ವರ್ಷ ತುಂಬುವ ಮುನ್ನ ಹಿಂಪಡೆದ ಹಣಕ್ಕೆ ಸಾಮಾನ್ಯವಾಗಿ ತೆರಿಗೆ ಬೀಳುತ್ತದೆ.

ಹಿರಿಯರ ವಿಮೆ

ಹೆಚ್ಚಿನವರು ಎಡವುವುದು ಇಲ್ಲಿ. ಅಪ್ಪ ಅಮ್ಮನ ಆಸ್ಪತ್ರೆ ಖರ್ಚು ಮಗನ ಅಥವಾ ಮಗಳ ಕಂಪನಿಯ ಗುಂಪು ವಿಮೆಯಲ್ಲೇ ಅಡಗಿರುತ್ತದೆ, ಕೆಲಸ ಬಿಟ್ಟೊಡನೆ ಅದೂ ನಿಲ್ಲುತ್ತದೆ. ಮಂಡಿನೋವಿನ ಅಮ್ಮ, ಸಕ್ಕರೆ ಕಾಯಿಲೆಯ ಅಪ್ಪ ಊರಿನಲ್ಲೇ ಉಳಿಯುವಾಗ ಅವರ ಹೆಸರಿನಲ್ಲಿ ಪ್ರತ್ಯೇಕ ಪಾಲಿಸಿ ಇರಲೇಬೇಕು. ಹೊಸ ಪಾಲಿಸಿಯಲ್ಲಿ ಅಪಘಾತ ಹೊರತುಪಡಿಸಿ ಮೊದಲ 30 ದಿನ ಸಾಮಾನ್ಯವಾಗಿ ಪರಿಹಾರವಿರುವುದಿಲ್ಲ. ಮೊದಲೇ ಇರುವ ಕಾಯಿಲೆಗಳಿಗೆ ಗರಿಷ್ಠ 36 ತಿಂಗಳವರೆಗೆ ಕಾಯಬೇಕಾಗಬಹುದು. ಹಾಗಾಗಿ ಪ್ರವಾಸದ ಯೋಚನೆ ಮೊಳೆತ ವರ್ಷವೇ ಪಾಲಿಸಿ ಮಾಡಿಸುವುದು ಸೂಕ್ತ. ವೈಯಕ್ತಿಕ ಆರೋಗ್ಯ ವಿಮೆಯ ಕಂತಿನ ಮೇಲಿನ ಜಿಎಸ್‌ಟಿಯನ್ನು 2025ರ ಸೆಪ್ಟೆಂಬರ್ 22ರಿಂದ ತೆಗೆದುಹಾಕಿರುವುದು ಒಂದಿಷ್ಟು ಸಮಾಧಾನ.

ಹಣ ಮತ್ತು ಮನೆ

ಖರ್ಚನ್ನು ಎರಡು ಪಟ್ಟಿಗಳಲ್ಲಿ ಬರೆದುಕೊಳ್ಳಿ. ದಾರಿಯ ಖರ್ಚನ್ನು ಎಲ್ಲರೂ ಬರೆಯುತ್ತಾರೆ. ಊರಿನ ಖರ್ಚು, ಅಂದರೆ ಗೃಹಸಾಲದ ಕಂತು, ವಿಮಾ ಕಂತುಗಳು, ಶಾಲಾ ಶುಲ್ಕ, ಅಪಾರ್ಟ್‌ಮೆಂಟಿನ ನಿರ್ವಹಣಾ ಶುಲ್ಕ, ಹಿರಿಯರ ಔಷಧಿ, ಮರೆತುಹೋಗುವಂಥದ್ದು. ಊರಿನ ಖರ್ಚಿಗೆ ಪ್ರತಿ ತಿಂಗಳೂ ಒಂದೊಂದು ನಿಶ್ಚಿತ ಠೇವಣಿ ಪಕ್ವವಾಗುವಂತೆ ವಿಂಗಡಿಸಿಟ್ಟರೆ ದಾರಿಯಲ್ಲಿ ತಲೆಬಿಸಿ ಇರುವುದಿಲ್ಲ. ಮರಳಿದ ನಂತರದ ಎರಡು ತಿಂಗಳ ಖರ್ಚನ್ನೂ ಇದಕ್ಕೇ ಸೇರಿಸಬೇಕು.

ಸ್ವಂತ ಮನೆಯನ್ನು ಎಂಟು ತಿಂಗಳಿಗೆಂದು ಬಾಡಿಗೆಗೆ ಕೊಡುವುದು ಲಾಭದಾಯಕವೆನಿಸಿದರೂ ಅಷ್ಟು ಅವಧಿಗೆ ಒಳ್ಳೆಯ ಬಾಡಿಗೆದಾರರು ಸಿಗುವುದು ಕಷ್ಟ. ಬಾಡಿಗೆ ಮನೆಯವರಾದರೆ ಅದನ್ನು ಬಿಟ್ಟು ಸಾಮಾನನ್ನು ನೆಂಟರ ಮನೆಯಲ್ಲಿ ಇಡುವುದೇ ದೊಡ್ಡ ಉಳಿತಾಯ. ಬ್ಯಾಂಕಿಗೆ ಜೋಡಿಸಿದ ಸಿಮ್‌ಗೆ ರೀಚಾರ್ಜ್ ಮಾಡಿ ರೋಮಿಂಗ್ ಸೌಲಭ್ಯ ಪಡೆಯದೆ ವಿದೇಶಕ್ಕೆ ಹೋದರೆ ಓಟಿಪಿ ಬರದೆ ಪರದಾಡಬೇಕಾಗುತ್ತದೆ.

ದಾರಿ

ಅಕ್ಟೋಬರ್‌ನಲ್ಲಿ ಹೊರಡುವವರಿಗೆ ಹವಾಮಾನವೇ ದಾರಿಯನ್ನು ಹಾಕಿಕೊಡುತ್ತದೆ. ನವೆಂಬರ್‌ನಲ್ಲಿ ಕಛ್ ಮತ್ತು ರಾಜಸ್ಥಾನ, ಡಿಸೆಂಬರ್ ಹೊತ್ತಿಗೆ ಈಶಾನ್ಯ ರಾಜ್ಯಗಳು. ನಾಗಾಲ್ಯಾಂಡಿನ ಹಾರ್ನ್‌ಬಿಲ್ ಉತ್ಸವ ಡಿಸೆಂಬರ್ 1ರಿಂದ 10ರವರೆಗೆ ನಡೆಯುತ್ತದೆ. ಅಲ್ಲಿಗೂ ಅರುಣಾಚಲ, ಮಿಜೋರಾಂಗಳಿಗೂ ಹೊರರಾಜ್ಯದವರು ಪಡೆಯಬೇಕಾದ ಪ್ರವೇಶ ಪರವಾನಗಿ, ಅಂದರೆ ಇನ್ನರ್ ಲೈನ್ ಪರ್ಮಿಟ್ ಬೇಕು. ಭೂತಾನಿಗೆ ಭಾರತೀಯರಿಗೆ ವೀಸಾ ಬೇಡವಾದರೂ ದೊಡ್ಡವರಿಗೆ ತಲಾ ಒಂದು ರಾತ್ರಿಗೆ 1,200 ರೂಪಾಯಿ ಶುಲ್ಕವಿದೆ. ವಿಯೆಟ್ನಾಂ 90 ದಿನಗಳ ಇ-ವೀಸಾ ಕೊಡುತ್ತದೆ. ಅಲ್ಲಿನ ಹೊಸವರ್ಷವಾದ ಟೆಟ್ ಹಬ್ಬದ ವಾರದಲ್ಲಿ ಅಂಗಡಿ ಹೋಟೆಲುಗಳು ಬಾಗಿಲು ಹಾಕಿ, ರೈಲು ಬಸ್ಸುಗಳು ತುಂಬಿಹೋಗುವುದರಿಂದ ಅದು ಮುಗಿದ ಮೇಲೆ ಹೋಗುವುದು ಒಳಿತು. ಯುರೋಪಿನ ಹಲವು ದೇಶಗಳಿಗೆ ಒಟ್ಟಿಗೆ ಸಲ್ಲುವ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳಲ್ಲಿ 90 ದಿನ ಮಾತ್ರ ಇರಬಹುದು. ಚಿಕ್ಕ ಮಕ್ಕಳ ಪಾಸ್‌ಪೋರ್ಟ್ ಐದೇ ವರ್ಷದ್ದಾಗಿರುವುದರಿಂದ, ದೊಡ್ಡವರದ್ದು ಸರಿಯಿದ್ದರೂ ಅವರದ್ದರಲ್ಲಿ ಆರು ತಿಂಗಳ ಅವಧಿ ಬಾಕಿಯಿದೆಯೇ ಎಂದು ನೋಡಿಕೊಳ್ಳಬೇಕು.

ಮೂರು ದಿನಕ್ಕೊಂದು ಊರು ಎಂಬ ಪಟ್ಟಿ ಮಕ್ಕಳಿಗೆ ಹಿಡಿಸುವುದಿಲ್ಲ. ಅಡುಗೆಮನೆಯಿರುವ ಒಂದೇ ಹೋಂಸ್ಟೇಯಲ್ಲಿ ಮೂರು ನಾಲ್ಕು ವಾರ ನಿಂತರೆ ಬಾಡಿಗೆಯೂ ಇಳಿಯುತ್ತದೆ, ಬೆಳಿಗ್ಗೆ ಕುಕ್ಕರಿನಲ್ಲಿ ಅನ್ನ ಸಾರು ಆಗುವಷ್ಟರಲ್ಲಿ ಜಗಲಿಯಲ್ಲಿ ಕುಳಿತ ಮಗು ಗಣಿತದ ಒಂದು ಅಭ್ಯಾಸ ಮುಗಿಸಿರುತ್ತದೆ. ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣದಲ್ಲಿ ಎಲ್ಲ ತರಗತಿಗಳ ಪುಸ್ತಕಗಳೂ ಉಚಿತವಾಗಿ ಸಿಗುತ್ತವೆ. ಗಣಿತ ಮತ್ತು ಕನ್ನಡ ಬರವಣಿಗೆ, ಈ ಎರಡನ್ನು ಬಿಡದೆ ಮಾಡಿಸಿದರೆ ಸಾಕು. ಉಳಿದ ವಿಷಯಗಳು ದಾರಿಯಲ್ಲೇ ಸಿಗುತ್ತವೆ. ಶಾಲೆಯಿಂದ ವರ್ಗಾವಣೆ ಪತ್ರ ಪಡೆದರೆ ಸೀಟು ಕೈತಪ್ಪುವುದರಿಂದ, ಮುಖ್ಯೋಪಾಧ್ಯಾಯರಿಗೆ ಪತ್ರ ಬರೆದು, ಶುಲ್ಕ ಕಟ್ಟಿಯೇ ರಜೆ ಕೇಳಬೇಕು.

ಕೆಲಸಕ್ಕೆ ಸೇರುವ ದಿನಕ್ಕಿಂತ ಎರಡು ವಾರ ಮುಂಚೆ ಊರು ಸೇರುವಂತೆ ಟಿಕೆಟ್ ಮಾಡಿಸಿ. ಶಾಲೆಯ ಸಮವಸ್ತ್ರ, ಗ್ಯಾಸ್ ಸಂಪರ್ಕ, ಹಿರಿಯರ ತಪಾಸಣೆಗಳಿಗೆ ಆ ದಿನಗಳು ಬೇಕಾಗುತ್ತವೆ. ಹೊರಡುವ ಮುನ್ನ ಹೆಚ್ಚು ಟಿಡಿಎಸ್ ಕಡಿತವಾಗಿದ್ದವರು ಜುಲೈ 31ರೊಳಗೆ ರಿಟರ್ನ್ ಸಲ್ಲಿಸಿ ಆ ಹಣವನ್ನು ಮರಳಿ ಪಡೆಯಬಹುದು.